ಅಪ್‌ಡೇಟ್: ವೆಝಲೆ ಬುಡದ ಸಾಂ-ಪೇರ್‌ನಿಂದ ಓಡುವ ದಾರಿ ಸಿಕ್ಕಿತು

ಹೋದ ವಾರ ಕೇಳಿದ್ದೆ: ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ವೆಝಲೆ ಅನ್ನೋ ಗುಡ್ಡದ ಮೇಲಿನ ಊರಿನ ಬುಡದಲ್ಲಿರುವ ಸಾಂ-ಪೇರ್ ಹಳ್ಳಿಯಿಂದ ಡಾಂಬರು ರಸ್ತೆ ಆದಷ್ಟು ತಪ್ಪಿಸಿ ಓಡುವುದು ಹೇಗೆ ಅಂತ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕೆಲಸಕ್ಕೆ ಬಂದದ್ದು ಐ.ಜಿ.ಎನ್. (ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆ ನೋಡಿ ಅನ್ನೋ ಸಲಹೆ. 1:25,000 ಅಳತೆ, ಅಂದರೆ 1 ಸೆಂ.ಮೀ.ಗೆ 250 ಮೀಟರ್. ಸರ್ಕಾರದ ನಕ್ಷೆ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಅದರಲ್ಲಿ ಕಾಣುವ ಜಿ.ಆರ್. 13 (ಗುರುತು ಹಾಕಿದ ದೂರದ ಕಾಲುದಾರಿ) ಹಿಡಿದು ಕ್ಯೂರ್ ಹೊಳೆಯ ಕಣಿವೆಯಲ್ಲೇ ಪಿಯೆರ್-ಪೆರ್ತ್ವಿ ಹಳ್ಳಿವರೆಗೆ ಹೋಗಿ ಬಂದರೆ ಸುಮಾರು 8 ಕಿ.ಮೀ.

ಓಡುವಾಗ ಫೋನಿಗಿಂತ ಮರದ ಕಾಂಡ ನೋಡುವುದೇ ವಾಸಿ. ಅಂಗೈ ಅಗಲದ ಬಣ್ಣದ ಪಟ್ಟಿ ಇರುತ್ತೆ: ಮೇಲೆ ಬಿಳಿ, ಕೆಳಗೆ ಕೆಂಪು ಇದ್ದರೆ ಜಿ.ಆರ್.; ಬರೀ ಹಳದಿ ಇದ್ದರೆ ಊರ ಸುತ್ತಿನ ಸಣ್ಣ ದಾರಿ. ಪಟ್ಟಿಗಳು ಒಂದರ ಮೇಲೊಂದು ಅಡ್ಡ ಹಾಯ್ದು ಗುಣಿಸು ಚಿಹ್ನೆಯಾಗಿದ್ದರೆ ತಪ್ಪು ದಾರಿ, ತಕ್ಷಣ ಹಿಂದಿನ ಕವಲಿಗೆ ಬನ್ನಿ.

ಆ್ಯಪ್‌ನ ಹೀಟ್‌ಮ್ಯಾಪ್ (ಜನ ಹೆಚ್ಚು ಓಡಾಡಿದ ದಾರಿಯನ್ನು ದಟ್ಟವಾಗಿ ತೋರಿಸುವ ನಕ್ಷೆ) ನೋಡಿ ಅನ್ನೋ ಸಲಹೆ ಮಾತ್ರ ಫಲಿಸಲಿಲ್ಲ. ದಟ್ಟ ಗೆರೆಗಳು ಬಹುತೇಕ ಸೈಕಲ್‌ನವರದ್ದು, ಹಾಗಾಗಿ ಡಿ-ರಸ್ತೆಗೇ, ಅಂದರೆ ವಾಹನ ಓಡಾಡುವ ಜಿಲ್ಲಾ ರಸ್ತೆಗೇ, ತಂದು ಬಿಡುತ್ತೆ. ಅಲ್ಲಿ ಓಡಲೇಬೇಕಾದರೆ ಎಡಬದಿ ಹಿಡಿಯಿರಿ. ಫ್ರಾನ್ಸಿನಲ್ಲಿ ವಾಹನ ಬಲಬದಿಯಲ್ಲಿ ಚಲಿಸುವುದರಿಂದ ಎದುರಿಂದ ಬರುವ ಕಾರು ಕಾಣುತ್ತೆ.

ಗೊತ್ತಿರದ ಒಂದು ಸಂಗತಿ: ಹಳ್ಳಿಯ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತೆ. ‘ಓ ನೋಂ ಪೋತಾಬ್ಲ್’ (ಕುಡಿಯಲು ಯೋಗ್ಯವಲ್ಲದ ನೀರು) ಅಂತ ಬರೆದಿದ್ದರೆ ಆ ನೀರು ಕುಡಿಯಬೇಡಿ.

ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಬೇಟೆಯ ಕಾಲ. ‘ಷಾಸ್ ಆನ್ ಕೂರ್’ (ಬೇಟೆ ನಡೆಯುತ್ತಿದೆ) ಫಲಕ ಕಂಡರೆ ದಯವಿಟ್ಟು ಆ ಕಾಡಿಗೆ ಇಳಿಯಬೇಡಿ. ಉಳಿದ ದಿನವೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ.