ಶ್ರುತಿ ತಪ್ಪುವ ತಾಯಿ ಜೋಗುಳ ಹಾಡಬಹುದೇ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ತಾಯಿ):
ನಮ್ಮ ಮಗಳಿಗೆ ಈಗ ಐದು ತಿಂಗಳು. ಅತ್ತೆಯವರು ತೊಟ್ಟಿಲು ತೂಗುತ್ತ ಜೋಗುಳ ಹೇಳಿದರೆ ಹತ್ತು ನಿಮಿಷದಲ್ಲಿ ಕಣ್ಣು ಮುಚ್ಚುತ್ತಾಳೆ. ನಾನಾದರೋ ಶಾಲೆಯ ಪ್ರಾರ್ಥನೆಯಲ್ಲೂ ಬರೀ ಬಾಯಿ ಆಡಿಸಿದವಳು. ಕಳೆದ ವಾರ ಅವರು ನಾದಿನಿಯ ಮನೆಗೆಂದು ಸಾಗರಕ್ಕೆ ಹೋಗಿದ್ದಾಗ ಮೊಬೈಲಿನಲ್ಲಿ ವೀಣೆ ಹಾಕಿ ದಿಂಬಿನ ಪಕ್ಕ ಇಟ್ಟೆ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವ ಸದ್ದಿನಲ್ಲಿ ಏನೂ ಕೇಳಿಸದೆ ಧ್ವನಿ ಏರಿಸುತ್ತ ಹೋದೆ; ಮಳೆ ಥಟ್ಟನೆ ನಿಂತಾಗ ಮಗು ಬೆಚ್ಚಿಬಿದ್ದು ಅತ್ತಿತು. ಹಾಗೆಂದು ನಾನೇ ಹಾಡಿದರೆ ಅದರ ಸ್ವರಜ್ಞಾನ ಕೆಡುವುದಿಲ್ಲವೇ?

ಉತ್ತರ 1 (ಶಿವಮೊಗ್ಗದಲ್ಲಿ ಸಂಗೀತ ಪಾಠ ಹೇಳುವವಳು):
ಕೆಡುವುದಿಲ್ಲ, ತಂಗಿ. ಹುಟ್ಟುವ ಮೊದಲೇ ಮಗು ನಿಮ್ಮ ಧ್ವನಿಯನ್ನು ಕೇಳಿ ಗುರುತು ಹಿಡಿದಿರುತ್ತದೆ. 1980ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು, ಬೇರೆ ಹೆಂಗಸಿನದ್ದಲ್ಲದೆ ತಮ್ಮ ತಾಯಿಯದೇ ಧ್ವನಿ ಕೇಳಿಸಲೆಂದು, ಬಾಯಿಗಿಟ್ಟ ರಬ್ಬರ್ ತೊಟ್ಟನ್ನು ಚೀಪುವಾಗಿನ ಬಿಡುವನ್ನು ಹೆಚ್ಚುಕಡಿಮೆ ಮಾಡಿಕೊಂಡಿದ್ದವು. ಜೋಗುಳಕ್ಕೆ ನೀಲಾಂಬರಿ ರಾಗ ಒಪ್ಪುತ್ತದೆ ಎಂಬ ಮಾತು ನಮ್ಮ ಸಂಗೀತದಲ್ಲಿ ರೂಢಿಯಲ್ಲಿದೆ, ನಿಜ. ಆದರೆ ತೊಟ್ಟಿಲಿನ ಬಳಿ ರಾಗಲಕ್ಷಣ ಕೇಳುವವರು ಯಾರು? ಎರಡು ಮೂರು ಸ್ವರಗಳೊಳಗೇ ಸುತ್ತುವ ಒಂದು ಸಾಲು ಸಾಕು. ತೊಟ್ಟಿಲು ನಿಮ್ಮತ್ತ ಮರಳುವ ಗಳಿಗೆಗೆ ಸರಿಯಾಗಿ ‘ಜೋ’ ಬೀಳಲಿ, ನಡುವೆ ಉಸಿರೆಳೆದುಕೊಳ್ಳಿ. ಅತ್ತೆಯವರ ಗುಟ್ಟು ಕಂಠದಲ್ಲಿ ಇರಲಾರದು; ಮುಂದಿನ ಸಲ ಹಗ್ಗ ಹಿಡಿದ ಅವರ ಕೈಯನ್ನು ಗಮನಿಸಿ.

ಉತ್ತರ 2 (ಹೊಸನಗರದ ತಂದೆ):
ಹಾಡಿನ ವಿಷಯ ನನಗೆ ತಿಳಿಯದು, ಆದರೆ ದಿಂಬಿನ ಪಕ್ಕದ ಮೊಬೈಲನ್ನು ಮೊದಲು ತೆಗೆಯಿರಿ. ಮಕ್ಕಳನ್ನು ಮಲಗಿಸಲೆಂದೇ ಮಾರುವ 14 ಸದ್ದಿನ ಯಂತ್ರಗಳನ್ನು ಅಳೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೂರ್ತಿ ಧ್ವನಿಯಲ್ಲಿಟ್ಟಾಗ 30 ಸೆಂಟಿಮೀಟರ್ ದೂರದಲ್ಲಿ ಮೂರು ಯಂತ್ರಗಳು 85 ಡೆಸಿಬಲ್ (ಬಹಳ ಹೊತ್ತು ಕೇಳಿದರೆ ಕಿವಿಗೆ ಹಾನಿಯಾಗಬಹುದಾದಷ್ಟು ಜೋರು) ಮೀರಿದ್ದವು. ಕೇಳಿಸಲೇಬೇಕೆಂದಿದ್ದರೆ ಕೋಣೆಯ ಆಚೆ ಮೂಲೆಯಲ್ಲಿ, ನಾವು ಮೆಲ್ಲಗೆ ಆಡುವ ಮಾತು ಮುಚ್ಚಿಹೋಗದಷ್ಟು ಸಣ್ಣಗೆ ಇಡಬೇಕು. ಮಳೆಯೊಂದಿಗೆ ಪೈಪೋಟಿ ಬೇಡ. ನಮ್ಮ ಮಗ ಆಷಾಢವಿಡೀ ಮಳೆಯ ಸದ್ದಿಗೇ ಮಲಗಿದವನು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ಯಾವ ಹಾಡೂ ನೆನಪಿಗೆ ಬಾರದೆ ಎರಡರ ಮಗ್ಗಿಯನ್ನೇ ರಾಗವೆಳೆದು ಹೇಳಿದೆ. ನಿದ್ದೆಯೇನೂ ಬರಲಿಲ್ಲ, ಆದರೆ ‘ಎರಡೆಂಟ್ಲ ಹದಿನಾರು’ ಬರುವಷ್ಟರಲ್ಲಿ ಅಳು ನಿಲ್ಲಿಸಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಅತ್ತೆಯವರು ಶುಕ್ರವಾರ ಬರುತ್ತಾರೆ, ಹಗ್ಗದ ಲೆಕ್ಕವನ್ನು ಆಗ ನೋಡುತ್ತೇನೆ.