ಸಹಾಯ ಬೇಕು: ಒಂದೊಂದಾಗಿ ಪಾಸಾಗುವ ಪ್ಲಗಿನ್‌ಗಳು ಒಟ್ಟಿಗೆ ಸೇರಿದಾಗ ಕೆಡುತ್ತಿವೆ

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವ ವರ್ಡ್‌ಪ್ರೆಸ್ ಜಾಲತಾಣವೊಂದರಲ್ಲಿ 20 ಪ್ಲಗಿನ್‌ಗಳಿವೆ (ತಾಣಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುವ ತಂತ್ರಾಂಶಗಳು). ವರ್ಡ್‌ಪ್ರೆಸ್ ಓಡುವ ಭಾಷೆಯಾದ ಪಿಎಚ್‌ಪಿಯ 7.4ನೇ ಆವೃತ್ತಿಗೆ ಭದ್ರತಾ ಅಪ್‌ಡೇಟ್‌ಗಳು 2022ರ ನವೆಂಬರ್‌ನಲ್ಲೇ ನಿಂತಿರುವುದರಿಂದ 8.2ಕ್ಕೆ ಹೋಗುವುದು ಅನಿವಾರ್ಯ. ಅದಕ್ಕಾಗಿ, ಪರೀಕ್ಷೆಗಳನ್ನು ತಾನಾಗಿಯೇ ಓಡಿಸುವ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಪ್ರತಿ ಪ್ಲಗಿನ್ನನ್ನೂ ಪ್ರತ್ಯೇಕವಾಗಿ 7.4, 8.1 ಮತ್ತು 8.2ರಲ್ಲಿ ಸಕ್ರಿಯಗೊಳಿಸಿ, ಬ್ರೌಸರನ್ನು ತಾನಾಗಿಯೇ ನಡೆಸುವ ಪ್ಲೇರೈಟ್ ಸಾಧನದ ಮೂಲಕ ಮುಖಪುಟವನ್ನೂ ಸಂಪರ್ಕ ಫಾರ್ಮನ್ನೂ ತೆರೆದು ನೋಡುವ ಪರೀಕ್ಷೆಗಳನ್ನು ಬರೆದಿದ್ದೇನೆ. ಎಲ್ಲವೂ ಹಸಿರು ತೋರಿಸುತ್ತಿವೆ.

ಆದರೆ ಸ್ಟೇಜಿಂಗ್ ಸರ್ವರ್‌ನಲ್ಲಿ (ತಾಣದ ಪ್ರಾಯೋಗಿಕ ಪ್ರತಿಯಲ್ಲಿ) ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದಾಗ, ಪುಟಗಳು ಬೇಗ ತೆರೆಯುವಂತೆ ಮಾಡುವ ಕ್ಯಾಶ್ ಪ್ಲಗಿನ್ ಸ್ಕ್ರಿಪ್ಟ್‌ಗಳನ್ನು ತಡವಾಗಿ ಲೋಡ್ ಮಾಡುವ ಕಾರಣ, ಫಾರ್ಮ್‌ನ ‘ಕಳುಹಿಸಿ’ ಗುಂಡಿಯನ್ನು ಒತ್ತಿದರೂ ಏನೂ ಆಗುವುದಿಲ್ಲ. ಬ್ರೌಸರ್‌ನ ದೋಷಗಳನ್ನು ತೋರಿಸುವ ಕನ್ಸೋಲ್‌ನಲ್ಲಿ ‘ಜೆಕ್ವೆರಿ ಈಸ್ ನಾಟ್ ಡಿಫೈನ್ಡ್’ ಎಂದು ಬರುತ್ತದೆ, ಅಂದರೆ ಬೇಕಾದ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಸಂಗ್ರಹ ಇನ್ನೂ ಸಿಕ್ಕಿಲ್ಲ. ಪುಟ ಮಾತ್ರ ಏನೂ ಆಗಿಲ್ಲವೆಂಬಂತೆ 200 (ಎಲ್ಲ ಸರಿಯಿದೆ ಎಂಬ ಸಂಕೇತ) ಎಂದೇ ಉತ್ತರಿಸುತ್ತದೆ. ಹೊಸ ಆವೃತ್ತಿಗೆ ಕೋಡ್ ಹೊಂದುತ್ತದೆಯೇ ಎಂದು ನೋಡುವ ಪಿಎಚ್‌ಪಿ ಕಂಪ್ಯಾಟಿಬಿಲಿಟಿ ಸ್ನಿಫರ್ ಪಿಎಚ್‌ಪಿ ಕೋಡನ್ನು ಓದುತ್ತದೆಯೇ ಹೊರತು ಓಡಿಸಿ ನೋಡುವುದಿಲ್ಲವಾದ್ದರಿಂದ ಇಲ್ಲಿ ಅದರಿಂದ ಪ್ರಯೋಜನವಾಗಲಿಲ್ಲ.

ಎರಡೆರಡಾಗಿ ಜೋಡಿಸಿ ಪರೀಕ್ಷಿಸೋಣವೆಂದರೆ 190 ಜೋಡಿಗಳಾಗುತ್ತವೆ, ಮೂರು ಆವೃತ್ತಿಗಳಿಗೆ 570 ಓಟಗಳು; ಪ್ರತಿ ಅಪ್‌ಡೇಟ್‌ಗೂ ಇಷ್ಟನ್ನು ಓಡಿಸುವುದು ಆಗದ ಮಾತು. ಎಲ್ಲ ಪ್ಲಗಿನ್‌ಗಳನ್ನೂ ಒಟ್ಟಿಗೆ ಚಾಲೂ ಮಾಡಿ, ಕನ್ಸೋಲ್ ದೋಷ ಕಂಡಾಗ ಮಾತ್ರ ಅರ್ಧರ್ಧ ನಿಷ್ಕ್ರಿಯಗೊಳಿಸುತ್ತ ಕಾರಣವನ್ನು ತಾನಾಗಿಯೇ ಹುಡುಕುವಂತೆ ಸ್ಕ್ರಿಪ್ಟ್ ಬರೆದರೆ ಸಾಕೇ? ಅಥವಾ ಪರೀಕ್ಷಿಸಲೇಬೇಕಾದ ಜೋಡಿಗಳನ್ನು ಮೊದಲೇ ಆರಿಸಿಕೊಳ್ಳುವ ಕ್ರಮವನ್ನು ನಿಮ್ಮಲ್ಲಿ ಯಾರಾದರೂ ಅನುಸರಿಸುತ್ತಿದ್ದೀರಾ?