ಪ್ರಶ್ನೋತ್ತರ: ಸ್ಪೇನಿನ ನೀರಿನ ಬಾಟಲಿ ಲೇಬಲ್ ಇಂಗ್ಲಿಷಿನಲ್ಲಿ ಹೇಗೆ?

ಅಡ್ಮಿನ್: ಸ್ಪೇನಿನಲ್ಲಿರುವ ನಮ್ಮವರು ಬಾಟಲಿ ನೀರಿನ ಲೇಬಲ್ ಬಗ್ಗೆ ತುಂಬಾ ಕೇಳುತ್ತಿದ್ದೀರಿ. ಇವತ್ತು ನಮ್ಮ ಅನುವಾದಕಿ ಮೇಡಂ ಉತ್ತರಿಸುತ್ತಾರೆ. ಸ್ಪ್ಯಾನಿಷ್ ಲೇಬಲ್‌ಗಳನ್ನು ಇಂಗ್ಲಿಷಿಗೆ ಮಾಡುವುದೇ ಅವರ ಕೆಲಸ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ವಾಲೆನ್ಸಿಯಾ ವಾಸಿ: ನಮಸ್ತೆ ಮೇಡಂ. ಬಾಟಲಿ ಮೇಲೆ "ರೆಸಿದುವೊ ಸೆಕೊ 266" ಅಂತ ಇದೆ. ಫೋನಿನ ಆ್ಯಪ್ ಅದನ್ನು "ಡ್ರೈ ವೇಸ್ಟ್" ಅಂತ ತೋರಿಸಿತು. ನೀರಿನಲ್ಲಿ ಕಸ ಇದೆಯಾ?

ಅನುವಾದಕಿ: ನಮಸ್ತೆ. ಕಸ ಅಲ್ಲ, ಹೆದರಬೇಡಿ. ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಿ, ಸಾಮಾನ್ಯವಾಗಿ 180 ಡಿಗ್ರಿಯಲ್ಲಿ ಒಣಗಿಸಿದಾಗ ಉಳಿಯುವ ಲವಣಗಳ ತೂಕ ಅದು, ಮಿಲಿಗ್ರಾಂ ಲೆಕ್ಕದಲ್ಲಿ. ಊರಲ್ಲಿ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುತ್ತಲ್ಲ, ಅದನ್ನು ನೆನೆಸಿಕೊಳ್ಳಿ. ಇಂಗ್ಲಿಷಿನಲ್ಲಿ "ಡ್ರೈ ರೆಸಿಡ್ಯೂ" ಅಂತ ಬರೆಯಬೇಕು.

ಬಿಲ್ಬಾವೊ ಹುಡುಗ: "ಮಿನೆರಾಲಿಸಾಸಿಯೋನ್ ದೆಬಿಲ್" ಅಂದ್ರೆ "ವೀಕ್ ಮಿನರಲೈಸೇಷನ್" ತಾನೇ? ದೆಬಿಲ್ ಅಂದ್ರೆ ದುರ್ಬಲ ಅಂತ ಕ್ಲಾಸಲ್ಲಿ ಹೇಳಿಕೊಟ್ಟಿದ್ದಾರೆ.

ಅನುವಾದಕಿ: ಕ್ಲಾಸಲ್ಲಿ ಸರಿಯಾಗೇ ಹೇಳಿಕೊಟ್ಟಿದ್ದಾರೆ, ಆದರೆ ಲೇಬಲ್‌ಗೆ ಅದು ಆಗುವುದಿಲ್ಲ. "ಲೋ ಮಿನರಲ್ ಕಂಟೆಂಟ್" ಅಂತ ಬರೆಯಿರಿ. ಯುರೋಪಿಯನ್ ಒಕ್ಕೂಟದ 2009ರ ಮಿನರಲ್ ವಾಟರ್ ನಿಯಮ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಇದೆ, ಪದಗಳನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕು. ಡ್ರೈ ರೆಸಿಡ್ಯೂ ಲೀಟರಿಗೆ 500 ಮಿ.ಗ್ರಾಂವರೆಗೆ ಇದ್ದರೆ "ದೆಬಿಲ್", 50ರವರೆಗೆ "ಮುಯ್ ದೆಬಿಲ್", ಅಂದರೆ "ವೆರಿ ಲೋ". 1500 ದಾಟಿದರೆ "ಫುವೆರ್ತೆ". ಅದನ್ನು "ಸ್ಟ್ರಾಂಗ್" ಅನ್ನಬೇಡಿ, "ರಿಚ್ ಇನ್ ಮಿನರಲ್ ಸಾಲ್ಟ್ಸ್" ಅನ್ನಿ.

ಗ್ರನಾಡಾ ಗೃಹಿಣಿ: "ಒಲಿಗೊಮೆತಾಲಿಕಾ" ಅಂದ್ರೆ ಲೋಹ ಇರೋ ನೀರಾ?

ಅನುವಾದಕಿ: ಇಲ್ಲ. ಅದೂ "ಲೋ ಮಿನರಲ್ ಕಂಟೆಂಟ್". ಒಲಿಗೊ ಅಂದ್ರೆ ಸ್ವಲ್ಪ.

ಮಲಗಾ ಮನೆ: ಮೇಡಂ, ಅಪ್ಪ ಅಮ್ಮ ಮೈಸೂರಿಂದ ಬಂದು ಎರಡು ತಿಂಗಳಾಯಿತು. ಅಪ್ಪನಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಇಲ್ಲಿನ ಗ್ಯಾಸ್ ಇರುವ ಒಂದು ನೀರು ಅವರಿಗೆ ಹಿಡಿಸಿಬಿಟ್ಟಿದೆ, ದಿನಾ ಒಂದು ಲೀಟರ್ ಕುಡಿಯುತ್ತಾರೆ. ಲೇಬಲ್‌ನಲ್ಲಿ "ಸೋದಿಯೊ 1.120" ಅಂತ ಇದೆ. ಒಂದು ಮಿಲಿಗ್ರಾಂ ಅಷ್ಟೇ ಅಲ್ವಾ?

ಅನುವಾದಕಿ: ಅಲ್ಲ. ಮೊದಲು ಆ ಬಾಟಲಿ ಎತ್ತಿಡಿ, ಆಮೇಲೆ ಇದನ್ನು ಓದಿ.

ಸ್ಪೇನಿನಲ್ಲಿ ಚುಕ್ಕೆ ಸಾವಿರಕ್ಕೆ, ಕಾಮಾ ದಶಮಾಂಶಕ್ಕೆ. ನಮ್ಮಲ್ಲಿಗೆ ಪೂರ್ತಿ ಉಲ್ಟಾ. ಹಾಗಾಗಿ 1.120 ಅಂದರೆ ಒಂದು ಸಾವಿರದ ನೂರಿಪ್ಪತ್ತು ಮಿಲಿಗ್ರಾಂ. ನಿಮ್ಮ ಅಪ್ಪ ನೀರಿನ ಜೊತೆ ದಿನಾ 1.1 ಗ್ರಾಂ ಸೋಡಿಯಂ ಕುಡಿಯುತ್ತಿದ್ದಾರೆ. ಉಪ್ಪಿನ ಲೆಕ್ಕದಲ್ಲಿ ಸುಮಾರು 2.8 ಗ್ರಾಂ, ಹೆಚ್ಚುಕಡಿಮೆ ಅರ್ಧ ಟೀ ಚಮಚ. ದೊಡ್ಡವರಿಗೆ ಇಡೀ ದಿನಕ್ಕೆ 2 ಗ್ರಾಂ ಸೋಡಿಯಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರು, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಅಷ್ಟು ಸೋಡಿಯಂ ಇದೆ ಅಂತ ಬಾಯಿಗೆ ಗೊತ್ತಾಗದೇ ಇರಬಹುದು, ಅದೇ ಮೋಸ. ಇಂಥ ನೀರಿನಲ್ಲಿ ಸೋಡಿಯಂ ಹೆಚ್ಚಾಗಿ ಬೈಕಾರ್ಬನೇಟ್ ಜೊತೆ ಇರುತ್ತದೆ, ಅಡುಗೆ ಸೋಡಾದ ಹಾಗೆ.

ಅನುಮಾನ ಬಂದರೆ ಅದೇ ಲೇಬಲ್‌ನಲ್ಲಿ ಇನ್ನೊಂದು ಸಾಲು ನೋಡಿ. "ಕಾಲ್ಸಿಯೊ 54,1" ಅಂತ ಕಾಮಾ ಹಾಕಿರುತ್ತಾರೆ. ಒಂದೇ ಲೇಬಲ್‌ನಲ್ಲಿ ಚುಕ್ಕೆಯೂ ಕಾಮಾವೂ ಇದ್ದರೆ ಎರಡಕ್ಕೂ ಒಂದೇ ಅರ್ಥ ಇರಲು ಸಾಧ್ಯವಿಲ್ಲ. "ಸೋದಿಕಾ" ಅಂತ ಪದ ಇದ್ದರೆ ಸೋಡಿಯಂ 200 ದಾಟಿದೆ ಅಂತ ಅರ್ಥ, ಇಂಗ್ಲಿಷಿನಲ್ಲಿ "ಕಂಟೇನ್ಸ್ ಸೋಡಿಯಂ". ನಿಮಗೆ ಬೇಕಾದ ಸಾಲು "ಇಂದಿಕಾದಾ ಪಾರಾ ದಿಯೆತಾಸ್ ಪೋಬ್ರೆಸ್ ಎನ್ ಸೋದಿಯೊ". ಸೋಡಿಯಂ 20ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹಾಗೆ ಬರೆಯಬಹುದು.

ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದ್ದೇ ಒಂದು ಸಂಖ್ಯೆಯನ್ನು ಚುಕ್ಕೆ ಸಮೇತ ಇಂಗ್ಲಿಷಿಗೆ ಇಳಿಸಿಬಿಟ್ಟಿದ್ದೆ. ತಿದ್ದುವವರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ ಕಳಿಸಿದರು. ಆವತ್ತಿಂದ ಪದಕ್ಕಿಂತ ಮೊದಲು ಸಂಖ್ಯೆ ನೋಡುತ್ತೇನೆ. ಅಪ್ಪನನ್ನು ಡಾಕ್ಟರಿಗೆ ತೋರಿಸಿ, ಬಾಟಲಿ ವಿಷಯ ಹೇಳಿ. ನಾನು ಡಾಕ್ಟರ್ ಅಲ್ಲ.

ಆರೋಗ್ಯವೇ ಭಾಗ್ಯ: ಚಿಂತೆ ಬೇಡ. ಫಾರ್ವರ್ಡ್ ಬಂದಿದೆ: ನೀರನ್ನು ಜೀರಿಗೆ ಹಾಕಿ ಹತ್ತು ನಿಮಿಷ ಕುದಿಸಿದರೆ ಸೋಡಿಯಂ ಪೂರ್ತಿ ಹೋಗುತ್ತದೆ 🙏

ಅನುವಾದಕಿ: ಹೋಗುವುದಿಲ್ಲ. ಕುದಿಸಿದರೆ ಹೋಗುವುದು ಗ್ಯಾಸ್ ಮತ್ತು ನೀರು. ಸೋಡಿಯಂ ಅಲ್ಲೇ ಉಳಿದು, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಬಿಪಿ ಇರುವವರು ಇದನ್ನು ನಂಬಿ ಕುಡಿದರೆ ಕಷ್ಟ. ದಯವಿಟ್ಟು ಅಳಿಸಿ.

ಬಾರ್ಸಿಲೋನಾ ಅಮ್ಮ: "ಫ್ಲುವೋರ್" ಅಂದ್ರೆ "ಫ್ಲೋರಿನ್" ಅಂತ ಬರೀಲಾ? ಮಗುವಿನ ಹಾಲಿನ ಪುಡಿಗೆ ಯಾವ ನೀರು ಅಂತ ನೋಡ್ತಿದ್ದೀನಿ.

ಅನುವಾದಕಿ: "ಫ್ಲೋರೈಡ್" ಅಂತ ಬರೆಯಿರಿ. ಲೀಟರಿಗೆ 1.5 ಮಿ.ಗ್ರಾಂ (ಲೇಬಲ್‌ನಲ್ಲಿ 1,5) ದಾಟಿದರೆ ಏಳು ವರ್ಷದೊಳಗಿನ ಮಕ್ಕಳು ದಿನಾ ಕುಡಿಯಲು ತಕ್ಕದ್ದಲ್ಲ ಅಂತ ಲೇಬಲ್‌ನಲ್ಲೇ ಎಚ್ಚರಿಕೆ ಇರಲೇಬೇಕು. ನೀವು ಹುಡುಕಬೇಕಾದ್ದು "ಅಲಿಮೆಂತೋಸ್ ಇನ್ಫಾಂತಿಲೆಸ್" ಅನ್ನುವ ಪದ. ಯಾವ ನೀರು ಅಂತ ಮಕ್ಕಳ ಡಾಕ್ಟರನ್ನೇ ಕೇಳಿ.

ಸರಗೋಸಾ ಎಂಜಿನಿಯರ್: ಒಂದು ಬಾಟಲಿಯ ಲೆಕ್ಕ ಕೂಡಿಸಿದೆ. ಬೈಕಾರ್ಬನೇಟ್ 284, ಕ್ಯಾಲ್ಸಿಯಂ 60, ಮೆಗ್ನೀಸಿಯಂ 26, ಸಲ್ಫೇಟ್ 20, ಕ್ಲೋರೈಡ್ 8, ಸಿಲಿಕಾ 7, ಸೋಡಿಯಂ 5. ಒಟ್ಟು 410. ಡ್ರೈ ರೆಸಿಡ್ಯೂ ಮಾತ್ರ 266. ಕಂಪನಿ ಸುಳ್ಳು ಬರೆದಿದೆಯಾ, ಅನುವಾದ ತಪ್ಪಾ?

ಅನುವಾದಕಿ: ಎಷ್ಟು ಒಳ್ಳೆಯ ಪ್ರಶ್ನೆ! ಎರಡೂ ಅಲ್ಲ. ನೀರು ಒಣಗಿಸುವಾಗ ಬೈಕಾರ್ಬನೇಟ್ ಒಡೆದು ಕಾರ್ಬನೇಟ್ ಆಗುತ್ತದೆ. ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಹಾರಿಹೋಗುತ್ತವೆ, ತೂಕ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. 284ರಲ್ಲಿ 144 ಹೋಯಿತು ಅಂದುಕೊಳ್ಳಿ, 410ರಲ್ಲಿ ಕಳೆಯಿರಿ. 266 ಬಂತಲ್ಲ! ಇದಕ್ಕೇ ನಾನು "ರೆಸಿದುವೊ ಸೆಕೊ" ಬಂದ ಕಡೆ "ಟೋಟಲ್ ಮಿನರಲ್ಸ್" ಅಂತ ಬರೆಯುವುದಿಲ್ಲ. ಒಣಗಿಸಿದ ಮೇಲೆ ಉಳಿದದ್ದೇ ಬೇರೆ, ನೀರಿನಲ್ಲಿ ಕರಗಿರುವುದೇ ಬೇರೆ. ಲೇಬಲ್‌ನಲ್ಲಿ 180 ಅಂತ ಡಿಗ್ರಿ ಇದ್ದರೆ ಅದನ್ನೂ ಬಿಡಬಾರದು. ಸಿಲಿಕಾ ಅಂತ ಸರಿಯಾಗಿ ಬರೆದಿದ್ದೀರಿ, "ಸಿಲಿಸೆ" ಅಂದ್ರೆ ಅದೇ. ತುಂಬಾ ಜನ ಸಿಲಿಕಾನ್ ಅಂತ ಬರೆಯುತ್ತಾರೆ.

ಕಾಫಿ ಪ್ರಿಯೆ: ಡಿಕಾಕ್ಷನ್‌ಗೆ ಯಾವ ನೀರು ಒಳ್ಳೇದು ಮೇಡಂ?

ಟಿಡಿಎಸ್ ಪೆನ್ನು: ಇಷ್ಟೆಲ್ಲ ಯಾಕೆ? ನೀರಿನಲ್ಲಿ ಕರಗಿದ್ದನ್ನು ತೋರಿಸೋ ಟಿಡಿಎಸ್ ಪೆನ್ನು ಅದ್ದಿದರೆ ಸಂಖ್ಯೆ ಬರುತ್ತೆ. ಅದೇ ಡ್ರೈ ರೆಸಿಡ್ಯೂ.

ಸರಗೋಸಾ ಎಂಜಿನಿಯರ್: ಅದಲ್ಲ ಸ್ವಾಮಿ. ಪೆನ್ನು ಅಳೆಯೋದು ವಿದ್ಯುತ್ ಹರಿಯೋದನ್ನ, ಅದರಿಂದ ಅಂದಾಜು ಮಾಡುತ್ತೆ.

ಟಿಡಿಎಸ್ ಪೆನ್ನು: ಬೆಂಗಳೂರಲ್ಲಿ ಹತ್ತು ವರ್ಷ ಫಿಲ್ಟರ್ ಮಾರಿದ್ದೀನಿ. ನೀವು ಹೇಳಿಕೊಡಬೇಡಿ. ಊರಿನ ಇಪ್ಪತ್ತು ರೂಪಾಯಿ ಮಿನರಲ್ ವಾಟರ್ ಇದಕ್ಕಿಂತ ಎಷ್ಟೋ ಮೇಲು.

ಬಿಲ್ಬಾವೊ ಹುಡುಗ: ಅದು ಮಿನರಲ್ ವಾಟರ್ರೇ ಅಲ್ಲ ಅಣ್ಣ. ಬಾಟಲಿ ಮೇಲೆ "ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್" ಅಂತ ಇರುತ್ತೆ, ಓದಿ.

ಟಿಡಿಎಸ್ ಪೆನ್ನು: ಎರಡು ವರ್ಷ ಸ್ಪೇನಿನಲ್ಲಿದ್ದ ಮಾತ್ರಕ್ಕೆ ಊರಿನದ್ದೆಲ್ಲ ಕೀಳಾಯ್ತಾ?

ಬಿಲ್ಬಾವೊ ಹುಡುಗ: ಕೀಳು ಅಂತ ಯಾರು ಹೇಳಿದ್ರು? ಓದೋಕೆ ಬರದಿದ್ರೆ ಸುಮ್ನಿರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಅನುವಾದಕಿ: ಹುಡುಗ ಹೇಳಿದ್ದು ಸರಿ, ಹೇಳಿದ ರೀತಿ ಸರಿಯಿಲ್ಲ. ಭಾರತದಲ್ಲೂ ಅವು ಬೇರೆ ಬೇರೆ: ಪ್ಯಾಕೇಜ್ಡ್ ನೀರಿಗೆ ಭಾರತೀಯ ಮಾನದಂಡ ಐಎಸ್ 14543, ನೈಸರ್ಗಿಕ ಮಿನರಲ್ ವಾಟರ್‌ಗೆ ಐಎಸ್ 13428. ಇಲ್ಲಿ "ಅಗುವಾ ಮಿನೆರಾಲ್ ನತುರಾಲ್" ಅಂದರೆ "ನ್ಯಾಚುರಲ್ ಮಿನರಲ್ ವಾಟರ್", "ಅಗುವಾ ದೆ ಮನಂತಿಯಾಲ್" ಅಂದರೆ "ಸ್ಪ್ರಿಂಗ್ ವಾಟರ್". ಒಂದರ ಬದಲು ಇನ್ನೊಂದು ಬರೆಯುವ ಹಾಗಿಲ್ಲ.

ಹೊಸ ಸದಸ್ಯ: ಹಾಯ್, ರೆಸಿದುವೊ ಸೆಕೊ ಅಂದ್ರೆ ಏನು?

ಅನುವಾದಕಿ: ಮೊದಲ ಉತ್ತರ ನೋಡಿ.

ಸೆವಿಲ್ಲಾ ಸೊಸೆ: ಮುಚ್ಚಳದ ಬಣ್ಣಕ್ಕೆ ಏನಾದರೂ ಅರ್ಥ ಇದೆಯಾ?

ಆರೋಗ್ಯವೇ ಭಾಗ್ಯ: ಇನ್ನೊಂದು ಬಂದಿದೆ. ರೆಸಿದುವೊ 50ಕ್ಕಿಂತ ಜಾಸ್ತಿ ಇದ್ದರೆ ಕಿಡ್ನಿ ಕಲ್ಲು ಗ್ಯಾರಂಟಿ!! ಎಲ್ಲರಿಗೂ ಕಳಿಸಿ.

ಅನುವಾದಕಿ: ಕಳಿಸಬೇಡಿ. 50 ಅನ್ನುವುದು ಲೇಬಲ್‌ನಲ್ಲಿ "ವೆರಿ ಲೋ" ಅಂತ ಬರೆಯಲು ಇರುವ ಮಿತಿ, ಕಾಯಿಲೆಯ ಮಿತಿ ಅಲ್ಲ. ಬೆಳಿಗ್ಗೆಯಿಂದ ಒಂದೊಂದು ಸಾಲನ್ನೂ ನಿಯಮ ನೋಡಿ ಬರೆಯುತ್ತಿದ್ದೇನೆ. ನೀವು ಎರಡು ಬೆರಳಲ್ಲಿ ಒತ್ತಿ ಕಳಿಸುವುದನ್ನು ಯಾರೋ ಒಬ್ಬರ ಅಪ್ಪ ನಂಬುತ್ತಾರೆ.

ಆರೋಗ್ಯವೇ ಭಾಗ್ಯ: ಒಳ್ಳೇದಕ್ಕೆ ಹಾಕಿದ್ದು ಮೇಡಂ, ಇಷ್ಟು ಕೋಪ ಯಾಕೆ?

ಮಲಗಾ ಮನೆ: ಮೇಡಂ, ಡಾಕ್ಟರ್ ಹತ್ರ ಹೋಗಿ ಬಂದ್ವಿ. ಆ ನೀರು ಪೂರ್ತಿ ಬಿಡಿ ಅಂದರು. ಅಪ್ಪನಿಗೆ ಸ್ವಲ್ಪ ಬೇಜಾರಾಗಿದೆ. ಗ್ಯಾಸ್ ಇರುವ ಬೇರೆ ನೀರು ಹುಡುಕಿದೆ. ಸೋದಿಯೊ 5.2 ಇದೆ.

ಅನುವಾದಕಿ: ಚುಕ್ಕೆಯಾ, ಕಾಮಾನಾ? ಲೇಬಲ್ ಫೋಟೊ ಹಾಕಿ.

ಮಲಗಾ ಮನೆ: ಕಾಮಾ ಮೇಡಂ. 5,2. ಟೈಪ್ ಮಾಡುವಾಗ ಅಭ್ಯಾಸಬಲಕ್ಕೆ ಚುಕ್ಕೆ ಬಿತ್ತು. ಫೋಟೊ ಹಾಕಿದ್ದೀನಿ.

ಅನುವಾದಕಿ: ನೋಡಿದೆ, ಕಾಮಾನೇ. "ಪೋಬ್ರೆಸ್ ಎನ್ ಸೋದಿಯೊ" ಸಾಲೂ ಕೆಳಗಿದೆ. ಆ ಫೋಟೊವನ್ನೇ ಡಾಕ್ಟರಿಗೂ ಕಳಿಸಿ.